ಸೋತು ಹೋದವರಿಗೂ ಒಂದು ಬೀಳ್ಕೊಡುಗೆ ಬೇಕು

ಕಾಲೇಜಿನ ಫೇರ್‌ವೆಲ್‌ಗೆ ಒಂದು ಒಳ್ಳೆ ಗುಣ ಇದೆ. ಅಲ್ಲಿ ಯಾರೂ ಸಿಜಿಪಿಎ ಕೇಳಲ್ಲ. ಒಂಬತ್ತು ಪಾಯಿಂಟ್ ತಗೊಂಡವನಿಗೂ ಅದೇ ಊಟ, ಮೂರು ಬ್ಯಾಕ್‌ಲಾಗ್ ಇಟ್ಕೊಂಡು ಹೋಗ್ತಿರೋನಿಗೂ ಅದೇ ಊಟ. ಪ್ಲೇಸ್‌ಮೆಂಟ್ ಆದವರು, ಆಗದವರು ಎಲ್ಲರೂ ಒಂದೇ ಫೋಟೋದಲ್ಲಿ ನಿಲ್ತಾರೆ. ನಾಲ್ಕು ವರ್ಷ ಇಲ್ಲಿದ್ರಿ, ಹೋಗಿ ಬನ್ನಿ ಅಂತ ಜೂನಿಯರ್‌ಗಳು ಹೇಳ್ತಾರೆ, ಅಷ್ಟೇ. ಕಾಲೇಜಿನಲ್ಲಿ ನಿವೃತ್ತರಾಗುವ ಅಟೆಂಡರ್‌ಗೆ, ಡಿಪೋದಲ್ಲಿ ನಿವೃತ್ತರಾಗುವ ಕಂಡಕ್ಟರ್‌ಗೆ, ಊರಿನ ಶಾಲೆಯಿಂದ ವರ್ಗವಾಗುವ ಮೇಷ್ಟ್ರಿಗೆ ಕೂಡ ಒಂದು ಶಾಲು, ಒಂದು ಹಾರ, ನಾಲ್ಕು ಮಾತು ಇದ್ದೇ ಇರುತ್ತೆ.

ಇಂಥ ನಾಡಿನಲ್ಲಿ ಬೀಳ್ಕೊಡುಗೆ ಇಲ್ಲದೆ ಮನೆಗೆ ಹೋಗುವ ಒಂದು ವರ್ಗ ಇದೆ. ಅವರು ನಮ್ಮ ಶಾಸಕರು.

ನಗಬೇಡಿ. ಶಾಸಕರಿಗೆ ಸನ್ಮಾನ ಕಮ್ಮಿ ಇದೆಯಾ, ಇನ್ನೂ ಬೇರೆ ಬೇಕಾ ಅಂತ ನೀವು ಕೇಳೋದು ನಮಗೆ ಗೊತ್ತು. ನಮ್ಮ ಸಂಪಾದಕ ಬಳಗದಲ್ಲೂ ಈ ವಿಷಯ ಎತ್ತಿದಾಗ ಮೊದಲು ಬಂದ ಪ್ರಶ್ನೆ ಅದೇ. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಕ್ರೇನ್‌ನಲ್ಲಿ ಎತ್ತಿ ಹಾಕುವ ಸೇಬಿನ ಹಾರ, ಆಳೆತ್ತರದ ಕಟೌಟು, ಹುಟ್ಟುಹಬ್ಬಕ್ಕೆ ಊರೆಲ್ಲ ಫ್ಲೆಕ್ಸು. ಆದರೆ ಇವೆಲ್ಲ ಯಾವಾಗ ಸಿಗುತ್ತೆ ನೋಡಿ. ಗೆದ್ದಾಗ, ಮಂತ್ರಿಯಾದಾಗ, ಮುಂದೆ ಟಿಕೆಟ್ ಸಿಗುತ್ತೆ ಅನ್ನೋ ಸುದ್ದಿ ಇದ್ದಾಗ. ಅದು ಕುರ್ಚಿಗೆ ಹಾಕುವ ಹಾರ. ಕುರ್ಚಿಯಿಂದ ಇಳಿದವರಿಗೆ ಏನು ಸಿಗುತ್ತೆ ಅನ್ನೋದು ನಮ್ಮ ಪ್ರಶ್ನೆ.

ನಮ್ಮ ರಾಜ್ಯದಲ್ಲಿ ಎರಡು ಸದನ. ವಿಧಾನಪರಿಷತ್ತಿನಲ್ಲಿ 75 ಸದಸ್ಯರು. ಒಬ್ಬೊಬ್ಬರಿಗೆ 6 ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಜನ ನಿವೃತ್ತಿ. ಯಾರು ಯಾವ ದಿನ ಹೋಗ್ತಾರೆ ಅನ್ನೋದು ಮೊದಲೇ ಗೊತ್ತಿರುತ್ತೆ. ಆದ್ದರಿಂದ ಅಲ್ಲಿ ವಿದಾಯದ ಮಾತಿಗೆ ಜಾಗ ಇದೆ. ಜಗಳ ಆಡಿದವರೇ ಎದ್ದು ನಿಂತು ನಾಲ್ಕು ಒಳ್ಳೆ ಮಾತು ಹೇಳ್ತಾರೆ, ಹೋಗುವವರು ಉತ್ತರ ಕೊಡ್ತಾರೆ.

ವಿಧಾನಸಭೆ ಹಾಗಲ್ಲ. ಅಲ್ಲಿ 224 ಜನ ಚುನಾಯಿತರು. ಅವಧಿ ಮುಗಿಯುವ ಮೊದಲಿನ ಕೊನೆಯ ಅಧಿವೇಶನ ಚುನಾವಣೆಗೆ ಸ್ವಲ್ಪ ಮುಂಚೆ ನಡೆಯುತ್ತೆ. ಆ ದಿನ ಅಲ್ಲಿ ಕೂತಿರೋರಲ್ಲಿ ಬಹುತೇಕ ಎಲ್ಲರೂ ತಾವು ಮತ್ತೆ ಬರ್ತೀವಿ ಅಂದ್ಕೊಂಡೇ ಎದ್ದು ಹೋಗ್ತಾರೆ. ಆಮೇಲೆ ಮತ ಎಣಿಕೆ ಆಗುತ್ತೆ. ಸೋತವರು ಮತ್ತೆ ಆ ಸಭಾಂಗಣಕ್ಕೆ ಸದಸ್ಯರಾಗಿ ಕಾಲಿಡೋದೇ ಇಲ್ಲ. ಹೆಸರಿನ ಮುಂದೆ 'ಮಾಜಿ' ಅಂತ ಸೇರುತ್ತೆ, ಶಾಸಕರ ಭವನದ ರೂಮು ಖಾಲಿ ಮಾಡ್ತಾರೆ, ಅಲ್ಲಿಗೆ ಕತೆ ಮುಗೀತು.

2023ರ ಉದಾಹರಣೆಯನ್ನೇ ತಗೊಳ್ಳಿ. ಆ ವರ್ಷದ ಫೆಬ್ರವರಿಯಲ್ಲಿ 15ನೇ ವಿಧಾನಸಭೆಯ ಕೊನೆಯ ಅಧಿವೇಶನ ನಡೆಯಿತು. ಬಿ.ಎಸ್. ಯಡಿಯೂರಪ್ಪನವರು ಅಲ್ಲಿ ವಿದಾಯದ ಭಾಷಣ ಮಾಡಿದರು. 1983ರಲ್ಲಿ ಶಿಕಾರಿಪುರದಿಂದ ಮೊದಲ ಸಲ ಆಯ್ಕೆಯಾಗಿದ್ದವರು, ಇನ್ನು ಚುನಾವಣೆಗೆ ನಿಲ್ಲಲ್ಲ ಅಂತ ಮೊದಲೇ ಹೇಳಿದ್ದರು. ಹಾಗಾಗಿ ಅವರಿಗೆ ಆ ಅವಕಾಶ ಸಿಕ್ಕಿತು. ಅವರ ರಾಜಕೀಯ ಒಪ್ಪುವವರು, ಒಪ್ಪದವರು ಇಬ್ಬರೂ ಆ ಭಾಷಣ ಕೇಳಿದರು. ಮೇ 10ಕ್ಕೆ ಮತದಾನ, 13ಕ್ಕೆ ಫಲಿತಾಂಶ. ಅದೇ 15ನೇ ವಿಧಾನಸಭೆಯನ್ನು ಸ್ಪೀಕರ್ ಆಗಿ ನಡೆಸಿದ ಇಬ್ಬರು, ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್ ಮತ್ತು ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ, ಬೇರೆ ಬೇರೆ ಪಕ್ಷದವರು, ಇಬ್ಬರೂ ಒಂದೇ ದಿನ ಸೋತರು. ಸದನವನ್ನೇ ನಡೆಸಿದವರಿಗೆ ಆ ಸದನದಲ್ಲಿ ನಿಂತು 'ಹೋಗಿ ಬರ್ತೀನಿ' ಅನ್ನುವ ಅವಕಾಶ ಇರಲಿಲ್ಲ. ಸ್ಪೀಕರ್‌ಗಳ ಕತೆಯೇ ಹೀಗಾದರೆ ಹಿಂದಿನ ಸಾಲಿನಲ್ಲಿ ಕೂತು, ಒಂದೇ ಅವಧಿಗೆ ಬಂದು, ಟಿವಿಯಲ್ಲಿ ಒಂದು ಸಲವೂ ಕಾಣದೆ ಹೋದ ಶಾಸಕರ ಗತಿ ಏನು?

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ: "ಸೋತ್ರಲ್ಲ, ಜನ ಬೇಡ ಅಂದ್ರು, ಮತ್ತೇನು ಸನ್ಮಾನ?"

ಜನ ಬೇಡ ಅಂದದ್ದು ಮುಂದಿನ ಐದು ವರ್ಷಕ್ಕೆ. ಹಿಂದಿನ ಐದು ವರ್ಷದ ಕೆಲಸ ಆ ತೀರ್ಪಿನಿಂದ ಅಳಿಸಿ ಹೋಗಲ್ಲ. ಚುನಾವಣೆಯಲ್ಲಿ ಸೋಲೋಕೆ ನೂರು ಕಾರಣ. ರಾಜ್ಯದಲ್ಲಿ ಗಾಳಿ ಬೇರೆ ಕಡೆ ಬೀಸಿರಬಹುದು, ಪಕ್ಷವೇ ಟಿಕೆಟ್ ತಪ್ಪಿಸಿರಬಹುದು, ಎದುರಾಳಿಯ ಹತ್ತಿರ ಹಣ ಹೆಚ್ಚಿರಬಹುದು, ಜಾತಿ ಲೆಕ್ಕ ಕೂಡಿ ಬರದೇ ಇರಬಹುದು. ನಿಜವಾಗಿಯೂ ಕೆಲಸ ಮಾಡದೆಯೂ ಸೋತಿರಬಹುದು. ಫಲಿತಾಂಶದ ಅಂಕಿ ನೋಡಿ ಯಾವುದು ಯಾವುದು ಅಂತ ಹೇಳೋಕೆ ಆಗಲ್ಲ. ಅದಕ್ಕೇ ಕೆಲಸದ ಲೆಕ್ಕ ಬೇರೆಯಾಗಿ ಇರಬೇಕು ಅಂತ ನಾವು ಹೇಳ್ತಿರೋದು.

ಶಾಂತವೇರಿ ಗೋಪಾಲಗೌಡರನ್ನು ನೆನೆಸಿಕೊಳ್ಳಿ. ಕಾಗೋಡು ಸತ್ಯಾಗ್ರಹದ ಗೇಣಿದಾರರ ಜೊತೆ ನಿಂತ ಸಮಾಜವಾದಿ. 1952ರ ಚುನಾವಣೆಯಲ್ಲಿ ಕೈಯಲ್ಲಿ ದುಡ್ಡಿಲ್ಲದ ಅವರಿಗೆ ಜನರೇ ಕಾಸು ಹಾಕಿ ಗೆಲ್ಲಿಸಿದರು ಅನ್ನೋ ಮಾತು ಮಲೆನಾಡಿನಲ್ಲಿ ಇವತ್ತಿಗೂ ಇದೆ. 1957ರಿಂದ 62ರವರೆಗೆ ಅವರು ಸದನದಲ್ಲಿರಲಿಲ್ಲ. 1962ರಲ್ಲಿ, 1967ರಲ್ಲಿ ಮತ್ತೆ ಗೆದ್ದು ಬಂದರು. 1972ರಲ್ಲಿ, ಇನ್ನೂ 50 ತುಂಬುವ ಮೊದಲೇ, ತೀರಿಕೊಂಡರು. ನಡುವೆ ಸದನದ ಹೊರಗಿದ್ದ ಐದು ವರ್ಷದಿಂದ ಅವರ ಮೊದಲ ಅವಧಿಯ ಮಾತುಗಳು ಬೆಲೆ ಕಳಕೊಂಡವಾ? ಗೇಣಿದಾರರ ಪರ ಅವರು ಸದನದಲ್ಲಿ ಎತ್ತಿದ ದನಿಯನ್ನು ಇವತ್ತು ಯಾರಾದರೂ ಮತದ ಅಂತರ ನೋಡಿ ಅಳೀತಾರಾ?

ಇನ್ನೊಂದು ಹೆಸರು ಕೆ.ಎಸ್. ನಾಗರತ್ನಮ್ಮ. ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದವರು. 1972ರಿಂದ 1978ರವರೆಗೆ ನಮ್ಮ ವಿಧಾನಸಭೆಯ ಸ್ಪೀಕರ್. ಕರ್ನಾಟಕದ ಮೊದಲ ಮಹಿಳಾ ಸ್ಪೀಕರ್ ಅವರು, ಆ ಪೀಠದಲ್ಲಿ ಅವರ ನಂತರ ಇನ್ನೊಬ್ಬ ಮಹಿಳೆ ಕೂತಿಲ್ಲ. ಅದೇ ಗುಂಡ್ಲುಪೇಟೆ ಕಡೆಯ ಅಬ್ದುಲ್ ನಜೀರ್ ಸಾಬ್ ವಿಧಾನಪರಿಷತ್ತಿನ ಸದಸ್ಯರಾಗಿದ್ದವರು. 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದರು, ಜನ ಪ್ರೀತಿಯಿಂದ 'ನೀರ್ ಸಾಬ್' ಅಂದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ವ್ಯವಸ್ಥೆಗೆ ಜೀವ ಕೊಟ್ಟರು. ದೇಶಕ್ಕೆ ಪಂಚಾಯತ್ ರಾಜ್ ತಿದ್ದುಪಡಿ ಬರುವ ಮೊದಲೇ ಕರ್ನಾಟಕ ಆ ದಾರಿ ಹಿಡಿದಿತ್ತು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ, ಸಂತೋಷ. ಆದರೆ ಆ ಹೆಸರು ಬಂದದ್ದು ಅವರು ತೀರಿಕೊಂಡ ಮೇಲೆ.

ಇಲ್ಲೇ ನಮ್ಮ ಎರಡನೇ ತಕರಾರು. ಸದನದಲ್ಲಿ ಹಿಂದಿನ ಸದಸ್ಯರನ್ನು ನೆನೆಯುವ ಒಂದು ಪದ್ಧತಿ ಇದೆ, ಅದರ ಹೆಸರು ಸಂತಾಪ ಸೂಚನೆ. ಅಧಿವೇಶನ ಶುರುವಾದಾಗ ತೀರಿಕೊಂಡ ಸದಸ್ಯರ ಹೆಸರು ಓದಿ, ಅವರ ಗುಣಗಾನ ಮಾಡಿ, ಎದ್ದು ನಿಂತು ಮೌನ ಆಚರಿಸ್ತಾರೆ. ಒಳ್ಳೆಯ ಪದ್ಧತಿ, ಮುಂದುವರೀಲಿ. ಆದರೆ ಒಬ್ಬ ಶಾಸಕ ನೀರಾವರಿ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡ್ತಿದ್ದ ಅಂತ ಸದನ ಹೇಳಬೇಕಾದರೆ ಅವನು ಸಾಯಬೇಕಾ? ಬದುಕಿದ್ದಾಗ, ಆತನ ಹೆಂಡತಿ ಮಕ್ಕಳು ಗ್ಯಾಲರಿಯಲ್ಲಿ ಕೂತು ಕೇಳುವ ಹಾಗೆ ಹೇಳಿದರೆ ಯಾರ ಗಂಟು ಹೋಗುತ್ತೆ?

ಇನ್ನು ಸಂಬಳದ ಮಾತು. ಇದನ್ನು ಬಿಟ್ಟರೆ ನೀವು ನಮ್ಮನ್ನು ಬಿಡಲ್ಲ. 2025ರ ಮಾರ್ಚ್‌ನಲ್ಲಿ ಶಾಸಕರ ತಿಂಗಳ ವೇತನ 40 ಸಾವಿರದಿಂದ 80 ಸಾವಿರಕ್ಕೆ, ಮಾಜಿಗಳ ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೆ ಏರಿತು. ಸದನದಲ್ಲಿ ಗದ್ದಲ ನಡೀತಿದ್ದಾಗಲೇ ಆ ಮಸೂದೆಗಳು ಪಾಸಾದವು, ಅದೇ ದಿನ ವಿರೋಧ ಪಕ್ಷದ 18 ಶಾಸಕರು ಅಮಾನತಾದರು. ಇದನ್ನು ನೋಡಿದ ಯಾವ ವಿದ್ಯಾರ್ಥಿಗೂ, ಅದರಲ್ಲೂ ಎಜುಕೇಶನ್ ಲೋನ್ ತಗೊಂಡು ಓದ್ತಿರೋನಿಗೆ, ಸಿಟ್ಟು ಬರೋದು ಸಹಜ. ಆ ಸಿಟ್ಟು ತಪ್ಪು ಅಂತ ನಾವು ಹೇಳಲ್ಲ. ಪಂಜಾಬ್ 2022ರಲ್ಲಿ ಎಷ್ಟು ಸಲ ಗೆದ್ದರೂ ಒಂದೇ ಪಿಂಚಣಿ ಅಂತ ಕಾನೂನು ಮಾಡಿತು. ಅಂಥ ಚರ್ಚೆ ಇಲ್ಲೂ ಆಗಲಿ.

ಆದರೆ ಪಿಂಚಣಿಯನ್ನು ಗೌರವ ಅಂತ ತಿಳಿಯೋದು ಬೇಡ. ಪಿಂಚಣಿ ಎಲ್ಲರಿಗೂ ಒಂದೇ ರೀತಿ ಬರುತ್ತೆ. ದಿನಾ ಸದನಕ್ಕೆ ಬಂದವರಿಗೂ ಬರುತ್ತೆ, ಸಹಿ ಹಾಕಿ ಕ್ಯಾಂಟೀನಿಗೆ ಹೋದವರಿಗೂ ಬರುತ್ತೆ. ಅದರಲ್ಲಿ 'ನೀವು ಮಾಡಿದ ಕೆಲಸ ನಾವು ನೋಡಿದ್ದೇವೆ' ಅನ್ನೋ ಮಾತಿಲ್ಲ. ನಮ್ಮ ಅಟೆಂಡರ್‌ಗೂ ಸಂಬಳ ಇತ್ತು, ಈಗ ಪಿಂಚಣಿ ಇದೆ. ಆದರೂ ಬೀಳ್ಕೊಡುಗೆ ಮಾಡ್ತೀವಲ್ಲ, ಅದು ಯಾಕೆ? ಕೆಲಸವನ್ನು ಕಂಡವರು ಇದ್ದಾರೆ ಅಂತ ತಿಳಿಸೋದಕ್ಕೆ.

ಶಾಸಕರ ವಿಷಯದಲ್ಲಿ ಇದು ಬರೀ ಭಾವನೆಯ ಮಾತಲ್ಲ. ನಾವು ಯಾವುದಕ್ಕೆ ಗೌರವ ಕೊಡ್ತೀವೋ ಅವರು ಅದನ್ನೇ ಮಾಡ್ತಾರೆ. ಈಗ ನಾವು ಯಾವುದಕ್ಕೆ ಕೊಡ್ತಿದ್ದೀವಿ? ಮದುವೆಗೆ ಬಂದರೆ, ಗೃಹಪ್ರವೇಶಕ್ಕೆ ಬಂದರೆ, ಜಾತ್ರೆಯಲ್ಲಿ ತೇರು ಎಳೆದರೆ, ಆಸ್ಪತ್ರೆ ಬಿಲ್ಲಿಗೆ ಫೋನು ಮಾಡಿದರೆ 'ಒಳ್ಳೆ ಎಂಎಲ್‌ಎ'. ಬಸ್ ಸ್ಟಾಪಿಗೆ ಹೆಸರು ಬರೆಸಿದರೆ 'ಅಭಿವೃದ್ಧಿ ಹರಿಕಾರ'. ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಸಾರ್ವಜನಿಕರ ಹಣ. ಅದರಲ್ಲಿ ಕಟ್ಟಿದ ತಂಗುದಾಣಕ್ಕೆ ಫೋಟೋ ಹಾಕ್ತಾರೆ. ನೀತಿಸಂಹಿತೆ ಬಂದಾಗ ಅದೇ ಫೋಟೋಗೆ ಪೇಪರ್ ಅಂಟಿಸೋದನ್ನು ನಾವೆಲ್ಲ ನೋಡಿದ್ದೀವಿ.

ಶಾಸಕರ ನಿಜವಾದ ಕೆಲಸ ಬೇರೆ. ಕಾನೂನು ಮಾಡೋದು, ಬಜೆಟ್ಟಿಗೆ ಒಪ್ಪಿಗೆ ಕೊಡುವ ಮೊದಲು ಅದನ್ನು ಓದೋದು, ಮಂತ್ರಿಗಳನ್ನು ಪ್ರಶ್ನೆ ಕೇಳೋದು. ಚುಕ್ಕೆ ಗುರುತಿನ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ನಿಲುವಳಿ ಸೂಚನೆ, ಖಾಸಗಿ ಮಸೂದೆ ಇವೆಲ್ಲ ಅವರ ಟೂಲ್‌ಗಳು. ಇದರ ಜೊತೆಗೆ ಸಮಿತಿಗಳು. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಸರ್ಕಾರದ ಖರ್ಚಿನ ಮೇಲೆ ಬಂದ ಸಿಎಜಿ ವರದಿ ಹಿಡಿದು ಅಧಿಕಾರಿಗಳನ್ನು ಕೂರಿಸಿ ಕೇಳುತ್ತೆ. ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ, ಅದರ ಬಗ್ಗೆ ನಮ್ಮಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. ಮಂತ್ರಿಯೊಬ್ಬರು ಸದನದಲ್ಲಿ ಎದ್ದು 'ಮಾಡಿಸಿ ಕೊಡ್ತೀನಿ' ಅಂದರೆ ಅದು ಗಾಳಿಗೆ ಹೋದ ಮಾತಲ್ಲ. ಅದನ್ನು ಬರೆದಿಟ್ಟುಕೊಂಡು, ಆಯ್ತಾ ಇಲ್ವಾ ಅಂತ ಬೆನ್ನು ಹತ್ತೋದು ಈ ಸಮಿತಿಯ ಕೆಲಸ. ಇಲ್ಲಿ ಕ್ಯಾಮೆರಾ ಇರಲ್ಲ, ಚಪ್ಪಾಳೆ ಇರಲ್ಲ, ಊರಲ್ಲಿ ಯಾರಿಗೂ ಗೊತ್ತಾಗಲ್ಲ. ಮದುವೆಗೆ ಹೋದರೆ ಓಟು, ಸಮಿತಿ ಸಭೆಗೆ ಹೋದರೆ ಏನೂ ಇಲ್ಲ ಅಂದಾಗ ಯಾವ ಶಾಸಕ ಸಮಿತಿ ಸಭೆಗೆ ಹೋಗ್ತಾನೆ?

ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೀಬೇಕು ಅಂತ ನಮ್ಮ ಶಾಸಕಾಂಗವೇ 2005ರಲ್ಲಿ ಒಂದು ಕಾನೂನು ಮಾಡಿಕೊಂಡಿದೆ. ಅದನ್ನು ಪಾಲಿಸದ ವರ್ಷಗಳೇ ಹೆಚ್ಚು. ನಮಗೆ 85 ಪರ್ಸೆಂಟ್ ಅಟೆಂಡೆನ್ಸ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ಅಲ್ಲಿ ಕ್ಲಾಸೇ ನಡೆಯಲ್ಲ. ಆದರೂ ಯಾರೂ ಕೇಳಲ್ಲ, ಯಾಕಂದರೆ ಹೋಗುವಾಗ ಯಾರೂ ಆ ಲೆಕ್ಕ ಓದಲ್ಲ.

ಹಾಗಾಗಿ ನಮ್ಮ ಸಲಹೆ ಇಷ್ಟು. ಪ್ರತಿ ಚುನಾವಣೆಯಾದ ಮೇಲೆ, ಹೊಸ ಸದನದ ಮೊದಲ ಅಧಿವೇಶನದಲ್ಲೇ, ಹಿಂದಿನ ಸದನದಿಂದ ಹೊರಗೆ ಉಳಿದ ಎಲ್ಲ ಸದಸ್ಯರನ್ನೂ ಒಂದು ದಿನ ವಿಧಾನಸೌಧಕ್ಕೆ ಕರೀಬೇಕು. ನಿಲ್ಲದೇ ಇದ್ದವರು, ಟಿಕೆಟ್ ಸಿಗದವರು, ಸೋತವರು, ಎಲ್ಲರೂ ಗ್ಯಾಲರಿಯಲ್ಲಿ ಕೂರಲಿ. ಸ್ಪೀಕರ್ ಒಬ್ಬೊಬ್ಬರ ಹೆಸರನ್ನೂ ಕ್ಷೇತ್ರವನ್ನೂ ಓದಲಿ. ಜೊತೆಗೆ ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಕೊಡಲಿ. ಅದರಲ್ಲಿ ಇಷ್ಟು ಇದ್ದರೆ ಸಾಕು: ಸದನ ಎಷ್ಟು ದಿನ ನಡೆಯಿತು, ಇವರು ಎಷ್ಟು ದಿನ ಬಂದರು, ಎಷ್ಟು ಪ್ರಶ್ನೆ ಕೇಳಿದರು, ಯಾವ ವಿಷಯದ ಮೇಲೆ ಮಾತಾಡಿದರು, ಯಾವ ಸಮಿತಿಯಲ್ಲಿದ್ದರು, ಪ್ರದೇಶಾಭಿವೃದ್ಧಿ ನಿಧಿ ಎಲ್ಲಿ ಖರ್ಚಾಯಿತು. ರ‍್ಯಾಂಕ್ ಬೇಡ, ವಿಶೇಷಣ ಬೇಡ, 'ಜನಪ್ರಿಯ', 'ಬಡವರ ಬಂಧು' ಬೇಡ. ಅದೇ ಹಾಳೆ ಕ್ಷೇತ್ರದ ತಾಲ್ಲೂಕು ಕಚೇರಿಯಲ್ಲೂ ಗ್ರಂಥಾಲಯದಲ್ಲೂ ತೂಗಿರಲಿ.

'ಅತ್ಯುತ್ತಮ ಶಾಸಕ' ಪ್ರಶಸ್ತಿ ಇದೆಯಲ್ಲ ಅಂತ ಕೇಳಬಹುದು. ಇದೆ, 2021ರಲ್ಲಿ ಮೊದಲ ಪ್ರಶಸ್ತಿ ಯಡಿಯೂರಪ್ಪನವರಿಗೆ ಸಿಕ್ಕಿತು. ಪ್ರಶಸ್ತಿ ಒಬ್ಬರಿಗೆ ಸಿಗುತ್ತೆ, ಉಳಿದ 223 ಜನ ಚಪ್ಪಾಳೆ ತಟ್ತಾರೆ. ನಾವು ಕೇಳ್ತಿರೋದು ಎಲ್ಲರಿಗೂ ಸಿಗುವ ಒಂದು ಸಾದಾ ಮರ್ಯಾದೆ.

ಎಲ್ಲರಿಗೂ ಅಂದರೆ ಎಲ್ಲರಿಗೂನಾ? ಕ್ರಿಮಿನಲ್ ಕೇಸ್ ಇದ್ದವರಿಗೂನಾ? ಪಕ್ಷಾಂತರ ಮಾಡಿದವರಿಗೂನಾ? 2019ರಲ್ಲಿ 17 ಜನ ಶಾಸಕರು ಅನರ್ಹರಾದರು, ಸರ್ಕಾರವೇ ಬಿತ್ತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆಮೇಲೆ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಗೆದ್ದು ಮತ್ತೆ ಬಂದರು. ಅಂಥವರಿಗೂ ಹಾಳೆ ಕೊಡಬೇಕಾ? ನಮ್ಮ ಬಳಗದಲ್ಲಿ ಈ ವಿಷಯಕ್ಕೆ ಅರ್ಧ ಸಂಜೆ ವಾದ ಆಯಿತು. ಕೊನೆಗೆ ಒಪ್ಪಿದ್ದು ಇಷ್ಟು: ಕೊಡಬೇಕು, ಮತ್ತು ಆ ಹಾಳೆಯಲ್ಲಿ 'ಅನರ್ಹ' ಅಂತಲೂ ಇರಬೇಕು, ನ್ಯಾಯಾಲಯದಲ್ಲಿ ಶಿಕ್ಷೆಯಾಗಿದ್ದರೆ ಅದೂ ಇರಬೇಕು. ಖಾಲಿ ಹಾಳೆ ತಗೊಂಡು ಹೋಗೋರಿಗೆ ಅದು ಸನ್ಮಾನ ಆಗಲ್ಲ. ತುಂಬಿದ ಹಾಳೆ ತಗೊಂಡು ಹೋಗೋರಿಗೆ ಬೇರೆ ಹಾರ ಬೇಕಾಗಲ್ಲ. ಯಾರು ಹೇಗೆ ಅಂತ ಓದಿದವರು ತೀರ್ಮಾನ ಮಾಡ್ತಾರೆ.

ಅಮೆರಿಕದ ಹಲವು ರಾಜ್ಯಗಳ ಶಾಸನಸಭೆಗಳಲ್ಲಿ ಹೋಗುವ ಸದಸ್ಯರ ಹೆಸರಿನಲ್ಲಿ ಒಂದು ನಿರ್ಣಯ ಮಂಡಿಸಿ, ಅವರು ತಂದ ಮಸೂದೆಗಳನ್ನು, ಕೆಲಸ ಮಾಡಿದ ಸಮಿತಿಗಳನ್ನು ಅದರಲ್ಲಿ ಬರೆದು ಕಡತದಲ್ಲಿ ಸೇರಿಸುವ ರೂಢಿ ಇದೆ. ಅದರಲ್ಲೂ ಹೊಗಳಿಕೆ ಜಾಸ್ತಿಯೇ ಇರುತ್ತೆ. ಆದರೂ ಹೆಸರು, ವರ್ಷ, ಕೆಲಸ ಮೂರೂ ಒಂದು ಕಡೆ ಉಳಿಯುತ್ತೆ. ನಮಗೆ ಇದು ಹೊಸತೂ ಅಲ್ಲ. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕಂಡ ನಾಡು ನಮ್ಮದು. ಊರೂರಲ್ಲಿ ವೀರಗಲ್ಲು ನೆಟ್ಟ ನಾಡು. ಆ ಕಲ್ಲಿನಲ್ಲಿ ರಾಜರ ಹೆಸರಷ್ಟೇ ಇರಲ್ಲ, ತುರು ಕಾಯಲು ಹೋಗಿ ಸತ್ತ ಸಾಮಾನ್ಯನ ಹೆಸರೂ ಇರುತ್ತೆ, ಏನು ಮಾಡಿದ ಅನ್ನೋದೂ ಇರುತ್ತೆ.

ಇದರಲ್ಲಿ ನಮ್ಮದೇನಿದೆ, ಎಂಜಿನಿಯರಿಂಗ್ ಓದೋರಿಗೆ ಯಾಕೆ ಬೇಕು ಈ ಉಸಾಬರಿ ಅಂತ ಕೇಳಿದರೆ, ಎರಡು ಕಾರಣ.

ಮೊದಲನೆಯದು ನಮ್ಮ ಓಟು. ವಿಧಾನಪರಿಷತ್ತಿನಲ್ಲಿ 7 ಸ್ಥಾನ ಪದವೀಧರರಿಗೆ, 7 ಶಿಕ್ಷಕರಿಗೆ ಮೀಸಲು. ನಾವು ಡಿಗ್ರಿ ಮುಗಿಸಿ 3 ವರ್ಷ ಆದ ಮೇಲೆ ಪದವೀಧರ ಕ್ಷೇತ್ರದ ಮತದಾರರಾಗಬಹುದು. ಆದರೆ ಅದು ತಾನಾಗಿಯೇ ಬರಲ್ಲ. ಫಾರಂ 18 ತುಂಬಿ ಅರ್ಜಿ ಹಾಕಬೇಕು, ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಆಗುತ್ತೆ, ಹಿಂದಿನ ಸಲ ಇತ್ತು ಅಂದರೆ ನಡೆಯಲ್ಲ. 2024ರ ಜೂನ್‌ನಲ್ಲಿ ಬೆಂಗಳೂರು, ನೈಋತ್ಯ, ಈಶಾನ್ಯ ಪದವೀಧರ ಕ್ಷೇತ್ರಗಳಿಗೆ ಚುನಾವಣೆ ಆಯಿತು. ಅವರ 6 ವರ್ಷ ಮುಗಿಯೋ ಹೊತ್ತಿಗೆ ಇವತ್ತಿನ ನಮ್ಮ ಬ್ಯಾಚಿನವರು ಮತದಾರರಾಗಿರಬಹುದು. ಆಗ ಹೊಸಬರಿಗೆ ಓಟು ಹಾಕುವ ಮುಂಚೆ, ಹೋಗ್ತಿರೋರು ಏನು ಮಾಡಿದರು ಅಂತ ತಿಳ್ಕೊಳ್ಳೋದು ಬೇಡವಾ?

ಎರಡನೆಯದು ನಮ್ಮ ಕೈಲಿ ಆಗುವ ಕೆಲಸ. ಸದನದ ಮಾತು ಬಹುಪಾಲು ಕನ್ನಡದಲ್ಲಿ ನಡೆಯುತ್ತೆ. ಬೀದರಿನ ಕನ್ನಡ, ಬೆಳಗಾವಿಯ ಕನ್ನಡ, ಚಾಮರಾಜನಗರದ ಕನ್ನಡ, ಕರಾವಳಿಯ ಕನ್ನಡ ಎಲ್ಲ ಒಂದೇ ಸೂರಿನಡಿ ಸಿಗುವ ಜಾಗ ಅದು. ಸ್ಪೀಚ್ ರೆಕಗ್ನಿಷನ್, ಓಸಿಆರ್ ಅಂತ ಪ್ರಾಜೆಕ್ಟ್ ಹುಡುಕ್ತಾ ಅಲೆಯುವ ನಮಗೆ ಇದಕ್ಕಿಂತ ಒಳ್ಳೆ ಡೇಟಾಸೆಟ್ ಬೇಕಾ? ಕಲಾಪದ ವರದಿಗಳನ್ನು ತಗೊಂಡು, ಶಾಸಕರ ಹೆಸರು ಹಾಕಿದರೆ ಅವರು ಕೇಳಿದ ಪ್ರಶ್ನೆಗಳೆಲ್ಲ ಒಂದೇ ಕಡೆ ಬರುವ ಹಾಗೆ ಮಾಡೋದು ಒಂದು ಸೆಮಿಸ್ಟರಿನ ಕೆಲಸ. ಸದನ ಹಾಳೆ ಕೊಡೋವರೆಗೆ ಕಾಯೋ ಅಗತ್ಯವೂ ಇಲ್ಲ, ನಾವೇ ತಯಾರು ಮಾಡಬಹುದು.

ನಮ್ಮ ಸಂಘ ಈ ವರ್ಷ ಅಷ್ಟನ್ನು ಶುರು ಮಾಡೋಣ ಅಂತಿದೆ. ನಮ್ಮ ಕಾಲೇಜು ಇರುವ ಕ್ಷೇತ್ರದ ಹಿಂದಿನ ಅವಧಿಯ ಶಾಸಕರಿಂದ ಮೊದಲು. ಅವರ ಪಕ್ಷ ಯಾವುದು, ಈಗ ಎಲ್ಲಿದ್ದಾರೆ, ಮುಂದೆ ನಿಲ್ತಾರಾ ಅನ್ನೋದು ನಮಗೆ ಬೇಡ. ಸದನದ ಕಡತದಲ್ಲಿ ಸಿಗುವಷ್ಟನ್ನು ಒಂದು ಹಾಳೆಗೆ ಇಳಿಸಿ, ತಪ್ಪಿದ್ದರೆ ತಿದ್ದಿ ಅಂತ ಮೊದಲು ಅವರಿಗೇ ತೋರಿಸಿ, ಆಮೇಲೆ ಈ ಪತ್ರಿಕೆಯಲ್ಲಿ ಹಾಕ್ತೀವಿ. ನಿಮ್ಮ ನಿಮ್ಮ ಊರಿನ ಮಾಜಿ ಶಾಸಕರ ಹಾಳೆ ಮಾಡೋಕೆ ನೀವೂ ಕೈ ಜೋಡಿಸಿ. ಕಂಪ್ಯೂಟರ್ ಸೈನ್ಸಿನವರು ಕೋಡ್ ಬರೀರಿ, ಸಿವಿಲ್‌ನವರು ನಿಧಿಯಲ್ಲಿ ಕಟ್ಟಿದ ತಂಗುದಾಣ ಇನ್ನೂ ನಿಂತಿದೆಯಾ ಅಂತ ನೋಡ್ಕೊಂಡು ಬನ್ನಿ. ಕನ್ನಡ ಚೆನ್ನಾಗಿ ಬರೋರು ಕಲಾಪದ ವರದಿ ಓದಲು ಕೂತ್ಕೊಳ್ಳಿ. ಮೊದಲ ಹಾಳೆ ತಯಾರಾದ ದಿನ ಆ ಮಾಜಿ ಶಾಸಕರನ್ನು ಕಾಲೇಜಿಗೆ ಕರೆದು, ಅದನ್ನು ಅವರ ಕೈಗೆ ಕೊಟ್ಟು, ಒಂದು ಲೋಟ ಕಾಫಿ ಕೊಟ್ಟು, ಸದನ ಹೇಗಿರುತ್ತೆ ಅಂತ ಕೇಳೋಣ.